ಕುರ್ಚಿಯ ಮೇಲಿನ ಮದುಮಗಳು

ಆ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ದಿನ ಬೆಳಗ್ಗೆಯೇ ನಿಮ್ಮಿಬ್ಬರನ್ನೂ ನಿಮ್ಮ ಅಮ್ಮನ ತವರಿಗೆ ಕಳಿಸಿಬಿಟ್ಟದ್ದು ಏಕೆ ಎಂದು ನೀವು ಈಗಲೂ ಕೇಳುತ್ತೀರಿ. ಮನೆಗೆ ನೆಂಟರು ಬಂದಿದ್ದರು, ಕೋಳಿ ಪದಾರ್ಥ ಇತ್ತು, ನಮ್ಮನ್ನು ಮಾತ್ರ ಓಡಿಸಿದಿರಿ ಎಂದು ನಿಮ್ಮಲ್ಲಿ ದೊಡ್ಡವನಿಗೆ ಇನ್ನೂ ಸಿಟ್ಟು. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಆಗ ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ. ಊರಿನ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದ್ದು ಕನ್ನಡ. ಹಾಗಾಗಿ ಆ ಮಾತುಗಳೂ ಇಲ್ಲಿ ಕನ್ನಡದಲ್ಲೇ ಬರುತ್ತವೆ.

ಇದು ನಿಮ್ಮ ಅಕ್ಕನ ವಿಷಯ. ಮಸ್ಕತ್‌ನಲ್ಲಿರುವ ನಿಮ್ಮ ಅತ್ತೆಯ ಮಗಳು, ಕಾಲೇಜಿಗೆಂದು ನಮ್ಮ ಬಿಜೈ ಮನೆಯಲ್ಲೇ ಇದ್ದವಳು. ಓದಿದ್ದು ವಾಣಿಜ್ಯ. ಮನಸ್ಸು ಇದ್ದದ್ದು ಕ್ಯಾಮರಾದಲ್ಲಿ. ಹತ್ತಿರದ ಬಸ್ ನಿಲ್ದಾಣಕ್ಕೆ ಹೋಗಿ, ಜನ ಬಸ್ಸಿಗೆ ಕಾಯುವುದನ್ನು ಗಂಟೆಗಟ್ಟಲೆ ತೆಗೆದು ತಂದು ನನಗೆ ತೋರಿಸುತ್ತಿದ್ದಳು. ಇದರಲ್ಲಿ ಬಸ್ಸೇ ಬರುವುದಿಲ್ಲವಲ್ಲ ಎಂದರೆ, "ಬಸ್ ಬಂದ್ರೆ ಕತೆ ಮುಗೀತಲ್ಲ ಅಜ್ಜಿ" ಎನ್ನುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ.

ಪದವಿ ಮುಗಿದ ಮೇಲೆ ದೂರದ ಊರಿನ ಕಾಲೇಜಿಗೆ ಸಿನಿಮಾ ಕಲಿಯಲು ಹೋಗಬೇಕು ಎಂದಳು. ನಮ್ಮಲ್ಲಿ ಸೋದರಮಾವನ ಮಾತು ಕೊನೆಯದು, ಅಂದರೆ ನಿಮ್ಮ ಅಪ್ಪನದು. ಅವನು ಒಂದು ಕರಾರು ಹಾಕಿದ. ಆ ಕಾಲೇಜಿನವರು ಪ್ರವೇಶಕ್ಕೆ ಒಂದು ಕಿರುಚಿತ್ರ ಕೇಳುತ್ತಾರಂತೆ. ಅದನ್ನು ಈ ವರ್ಷ ಮಾಡಿ ಕಳಿಸಲಿ. ಅವರು ಕರೆದರೆ ಹೋಗಲಿ. ಕರೆಯದಿದ್ದರೆ ಅವನ ಹೋಟೆಲಿನ ಕೌಂಟರಿನಲ್ಲಿ ಬಂದು ಕೂರಲಿ, ಮತ್ತೆ ಸಿನಿಮಾದ ಮಾತು ಎತ್ತಬಾರದು. ಅವಳು ಒಪ್ಪಿದಳು.

ಅವಳು ಆರಿಸಿಕೊಂಡದ್ದು ಕುಲೆ ಮದುವೆಯ ಕತೆ. ಕುಲೆ ಎಂದರೆ ತೀರಿಹೋದವರು. ಮದುವೆಯಾಗದೆ ಸತ್ತವರು, ಎಳೆ ಮಕ್ಕಳಾಗಿದ್ದಾಗ ಸತ್ತವರೂ, ಆ ಲೋಕದಲ್ಲಿ ಬೆಳೆಯುತ್ತಾ ಇರುತ್ತಾರೆ, ಪ್ರಾಯ ಬಂದಾಗ ಅವರಿಗೂ ಮದುವೆ ಮಾಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ತೀರಿಹೋದ ಇನ್ನೊಬ್ಬರ ಮಗನನ್ನೋ ಮಗಳನ್ನೋ ಹುಡುಕಿ, ಬರಿ ನೋಡಿ, ಎರಡು ಕುರ್ಚಿಯ ಮೇಲೆ ಸೀರೆ, ಪಂಚೆ ಇಟ್ಟು ಆಟಿಯಲ್ಲಿ ಧಾರೆ ಎರೆಯುತ್ತಾರೆ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರಿಗೆ ಮದುವೆ ಇಲ್ಲ, ಸತ್ತವರಿಗೂ ಇಲ್ಲ. ಒಂದು ದಿನ ನಾನು ಬಸಳೆ ಬಿಡಿಸುತ್ತಿದ್ದಾಗ ಅವಳು ಬಂದು ನಮ್ಮ ಬರಿ ಯಾವುದು ಅಜ್ಜಿ ಎಂದು ಕೇಳಿದಳು. ಹೇಳಿದೆ.

ಒಂದು ಮಧ್ಯಾಹ್ನ ಮನೆಯ ಹಳೆಯ ಫೋನ್ ರಿಂಗಾಯಿತು. ಆ ಫೋನಿಗೆ ಯಾರೂ ಮಾಡುವುದಿಲ್ಲ. ಎತ್ತಿದರೆ ಯಾರೋ ಮುದುಕರ ಸ್ವರ, ಬಹಳ ಮರ್ಯಾದೆಯಿಂದ, "ನಿಮ್ಮಲ್ಲಿ ತೀರಿಹೋದ ಹುಡುಗಿ ಒಬ್ಬಳು ಉಂಟಂತೆ. ನಮ್ಮಲ್ಲಿ ಹುಡುಗ ಇದ್ದಾನೆ" ಎಂದಿತು.

ನಾನು ಫೋನನ್ನು ಕೆಳಗಿಟ್ಟೆ. ಅಲ್ಲೇ ನೆಲದ ಮೇಲೆ ಕೂತೆ. ಯಾರಿಗೂ ಹೇಳಲಿಲ್ಲ. ನನಗೆ ನನ್ನ ಕಿವಿಯ ಮೇಲೆಯೇ ನಂಬಿಕೆ ಇರಲಿಲ್ಲ.

ಆದದ್ದು ಇಷ್ಟು. ನಿಮ್ಮ ಅಕ್ಕ ತನ್ನ ಸಿನಿಮಾಕ್ಕೆ ಒಂದು ಪೋಸ್ಟರ್ ಮಾಡಿದ್ದಳು, ಪತ್ರಿಕೆಯ ವಧೂವರರ ಜಾಹೀರಾತಿನ ಹಾಗೆ. ಎಳವೆಯಲ್ಲೇ ತೀರಿಹೋದ, ಬದುಕಿದ್ದರೆ ಈಗ ಐವತ್ತು ದಾಟುತ್ತಿದ್ದ ಹುಡುಗಿಗೆ ಬೇರೆ ಬರಿಯ ವರ ಬೇಕು ಎಂದು ಬರೆದು, ನಮ್ಮ ಬರಿ ಹಾಕಿ, ಹಳೆಯ ಕಾಲದ್ದು ಅನಿಸಲಿ ಎಂದು ಮನೆಯ ಫೋನಿನ ಸಂಖ್ಯೆ ಕೊಟ್ಟಿದ್ದಳು. ಇದು ಕಿರುಚಿತ್ರ ಎಂಬ ಸಾಲು ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು. ವಾಟ್ಸ್ಯಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಯಾರೋ ಅಡಿಯ ಸಾಲನ್ನು ಕತ್ತರಿಸಿ ಕಳಿಸಿದ್ದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಭಾನುವಾರ ಬೆಳಗ್ಗೆ ಗಂಡಹೆಂಡತಿ ಇಬ್ಬರು ಬಾಗಿಲಿಗೆ ಬಂದು ನಿಂತರು. ನನ್ನ ಪ್ರಾಯದವರು. ಗಂಡ ಪಣಂಬೂರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮನೆ ತೊಕ್ಕೊಟ್ಟಿನಲ್ಲಿ. ಆಕೆಯ ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗಿಂದ ವೀಳ್ಯದೆಲೆಯ ಕಟ್ಟು ಕಾಣುತ್ತಿತ್ತು. ಫೋನ್ ತುಂಡಾಯಿತು, ವಿಳಾಸ ಕೇಳಿಕೊಂಡು ನಾವೇ ಬಂದೆವು ಎಂದರು. ನಿಮ್ಮ ಅಪ್ಪ ಹೋಟೆಲಿನ ಊಟಕ್ಕೆ ಆರ್ಡರ್ ಕೊಡಲು ಬಂದ ಗಿರಾಕಿಗಳಿರಬೇಕು ಎಂದುಕೊಂಡು ಕೂರಿಸಿದ. ನಾನು ಅಡುಗೆಮನೆಯ ಬಾಗಿಲಿನ ಹಿಂದೆ ನಿಂತೆ.

ಅವರು ಸುತ್ತುಬಳಸಿ ಮಾತಾಡಲಿಲ್ಲ. ಏಳು ವರ್ಷದ ಮಗ, ಕೆರೆಗೆ ಬಿದ್ದು ತೀರಿಹೋದವನು, ಬಹಳ ಹಿಂದಿನ ಮಾತು. ಈಗ ಮೊಮ್ಮಗನಿಗೆ ಎಷ್ಟು ಹುಡುಕಿದರೂ ಹೆಣ್ಣು ಕೂಡಿಬರುತ್ತಿಲ್ಲ. ಮನೆಯಲ್ಲಿ ಹಿರಿಯವನೊಬ್ಬ ಮದುವೆಗೆ ಕಾದು ಕೂತಿದ್ದಾನೆ ಎಂದು ಜೋಯಿಸರ ಪ್ರಶ್ನೆಯಲ್ಲಿ ಬಂತಂತೆ. ವರ್ಷಗಳಿಂದ ಹುಡುಕುತ್ತಿದ್ದೇವೆ, ಒಂದು ಕಡೆ ಪ್ರಾಯ ಸರಿಯಾದರೆ ಬರಿ ಒಂದೇ ಆಗುತ್ತದೆ, ವಾಟ್ಸ್ಯಾಪಿನಲ್ಲಿ ಬಂದ ನಿಮ್ಮ ಜಾಹೀರಾತಿನಲ್ಲಿ ಎರಡೂ ಸರಿ ಬಂತು ಎಂದರು. ಹೇಳುವಾಗ ಆಕೆಯ ಮುಖದಲ್ಲಿ ಇದ್ದದ್ದು ಸಂತೋಷ.

ಅಲ್ಲೇ ಕೂತಿದ್ದ ನಿಮ್ಮ ಅಕ್ಕನ ಮುಖ ಬಿಳಿಚಿಹೋಗಿತ್ತು. ನಿಮ್ಮ ಅಪ್ಪ ಅವಳನ್ನು ನೋಡಿದ ನೋಟಕ್ಕೆ ನಾನೇ ಹೆದರಿದೆ. ಅವಳು ಎದ್ದು ಆಕೆಯ ಕಾಲ ಬುಡದಲ್ಲಿ ಕೂತಳು. "ಅಜ್ಜಿ, ತಪ್ಪಾಯ್ತು. ಅದು ಸಿನಿಮಾದ ಪೋಸ್ಟರ್. ನಾನು ಸುಮ್ಮನೆ ಬರೆದದ್ದು. ಅಂಥ ಹುಡುಗಿ ಇಲ್ಲ" ಎಂದಳು.

ಆಕೆ ಗಂಡನ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಯಾರೂ ಬೈಯಲಿಲ್ಲ. ಆಕೆ ಚೀಲದ ಬಾಯಿಯನ್ನು ಮೆಲ್ಲಗೆ ಮಡಚಿದರು. ಅದೊಂದನ್ನು ನೋಡಲು ನನ್ನಿಂದ ಆಗಲಿಲ್ಲ.

"ಉಂಟು" ಎಂದೆ. "ಹುಡುಗಿ ಉಂಟು."

ಪರಪುರುಷರ ಎದುರು ಕೇಳದೆ ಬಾಯಿ ಬಿಟ್ಟವಳಲ್ಲ ನಾನು. ಆ ಮಾತು ನನ್ನ ಬಾಯಿಂದ ಬಂದದ್ದೆಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಿಮ್ಮ ಅಕ್ಕ ತಿರುಗಿ ನನ್ನನ್ನು ನೋಡಿದಳು. ತಾನು ಮನಸ್ಸಿನಲ್ಲಿ ಕಟ್ಟಿದ ಹುಡುಗಿ ಎದ್ದು ಬಂದು ಬಾಗಿಲಲ್ಲಿ ನಿಂತಂತೆ ನೋಡಿದಳು.

ಮಕ್ಕಳೇ, ನಿಮ್ಮ ಅತ್ತೆಗಿಂತ, ನಿಮ್ಮ ಅಪ್ಪನಿಗಿಂತ ಮೊದಲು ನನಗೆ ಒಬ್ಬಳು ಮಗಳಿದ್ದಳು. ನಾಲ್ಕು ವರ್ಷ ತುಂಬಿತ್ತು. ಜ್ವರ ಬಂತು, ಆಸ್ಪತ್ರೆ ದೂರ, ಗಾಡಿ ಸಿಗುವಾಗ ಹೊತ್ತು ಮೀರಿತ್ತು. ನಿಮ್ಮ ಅಜ್ಜ ಒಳ್ಳೆಯವರು, ಆದರೆ ಆ ದುಃಖವನ್ನು ಮಾತಾಗಿ ಕೇಳುವ ಶಕ್ತಿ ಅವರಿಗೆ ಇರಲಿಲ್ಲ. ಅವಳ ಹೆಸರು ಮನೆಯಲ್ಲಿ ಬರಬಾರದು ಎಂದರು. ಅವರು ತೀರಿಹೋದ ಮೇಲೂ ಬರಲಿಲ್ಲ. ಕುಲೆ ಮದುವೆಯ ಮಾತು ಎತ್ತಿದವರಿಗೆ, ಸತ್ತವರಿಗೆ ಎಂತ ಮದುವೆ ಎಂದು ಹೇಳಿ ಕಳಿಸಿದರು. ನಿಮ್ಮ ಅಪ್ಪನಿಗೆ ಅಕ್ಕ ಒಬ್ಬಳಿದ್ದಳೆಂದು ಯಾರೋ ಹೇಳಿ ಅರ್ಧಂಬರ್ಧ ಗೊತ್ತಿತ್ತು. ಕೇಳುವ ಧೈರ್ಯ ಮಾಡಿರಲಿಲ್ಲ. ಅವನು ಆ ದಿನ ಕುರ್ಚಿಯಲ್ಲಿ ಕೂತವನು ನೀರು ಬೇಕು ಎಂದ, ತಂದುಕೊಟ್ಟರೆ ಕುಡಿಯಲಿಲ್ಲ. ನಿಮ್ಮ ಅಕ್ಕ ಊಹೆಯಿಂದ ಹಾಕಿದ ಪ್ರಾಯ ಕೂಡ ಹತ್ತಿರ ಹತ್ತಿರ ಸರಿಯೇ ಇತ್ತು. ತನ್ನ ಅಮ್ಮನ ಪ್ರಾಯಕ್ಕೆ ಸ್ವಲ್ಪ ಸೇರಿಸಿ ಬರೆದಳಂತೆ.

ಹುಡುಗನ ತಾಯಿ ಎದ್ದು ಅಡುಗೆಮನೆಗೇ ಬಂದರು. ಎರಡೇ ಪ್ರಶ್ನೆ ಕೇಳಿದರು. ಯಾವ ಕಾಯಿಲೆ, ಊಟ ಸರಿಯಾಗಿ ಮಾಡುತ್ತಿದ್ದಳಾ. ಎರಡನೆಯದಕ್ಕೆ ಉತ್ತರ ಹೇಳುವಾಗ ನಾನು ಅತ್ತೆ. ಐವತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮದುವೆ ನಿಶ್ಚಯವಾಯಿತು, ನಮ್ಮ ಮನೆಯಲ್ಲೇ.

ನಿಮ್ಮ ಅಕ್ಕ ತನ್ನ ಸಿನಿಮಾವನ್ನು ಕೈಬಿಟ್ಟಳು. ಗೆಳೆಯರನ್ನು ಕೂರಿಸಿ ನಾಟಕ ಮಾಡಿ ತೆಗೆಯಬೇಕಾಗಿದ್ದ ಮದುವೆ ಅದು. ಇನ್ನು ಹೇಗೆ ಮಾಡಲಿ ಎಂದಳು. ಬೇರೆ ಕತೆ ಮಾಡಲು ಸಮಯ ಇರಲಿಲ್ಲ. ನಿಮ್ಮ ಅಪ್ಪ, ಹಾಗಾದರೆ ಹೋಟೆಲಿಗೆ ಬಾ ಎಂದು ಹೇಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಆಗ ಹುಡುಗನ ತಾಯಿ ನಮ್ಮನ್ನು ಮತ್ತೆ ಬೆಚ್ಚಿಬೀಳಿಸಿದರು. ಮದುವೆ ಮಾತುಕತೆಗೆ ಬಂದವರು, ಎದ್ದು ಹೊರಡುವಾಗ, "ವಿಡಿಯೋದವರು ಯಾರು?" ಎಂದು ಕೇಳಿದರು. ಕುಲೆ ಮದುವೆಗೆ ವಿಡಿಯೋವೇ ಎಂದು ಗಂಡ ಗದರಿದರು. "ನನ್ನ ಉಳಿದ ಮಕ್ಕಳ ಮದುವೆಯದ್ದೆಲ್ಲ ಉಂಟು. ಇವನದ್ದು ಮಾತ್ರ ಯಾಕೆ ಬೇಡ?" ಎಂದರು ಆಕೆ. ಹೊರಗಿನವರು ಬೇಡ, ಮನೆಯ ಹುಡುಗಿಯೇ ತೆಗೆಯಲಿ ಎಂದಾಯಿತು. ಅದನ್ನೇ ಸಿನಿಮಾಕ್ಕೆ ಬಳಸಬಹುದಾ ಎಂದು ನಿಮ್ಮ ಅಕ್ಕ ಮೆಲ್ಲಗೆ ಕೇಳಿದಳು. ಮೊದಲು ನಾವು ನೋಡುತ್ತೇವೆ, ನೋಡಿ ಹೇಳುತ್ತೇವೆ ಎಂದರು.

ಆ ಸಂಜೆ ಅವಳು ಮನೆ ತುಂಬ ಓಡಾಡಿದಳು. ಕ್ಯಾಮರಾ ಎಲ್ಲಿಡಬೇಕು, ಬೆಳಕು ಎಲ್ಲಿಂದ ಬರಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಮದುವೆಗೆ ಎರಡು ದಿನ ಇರುವಾಗ ಕ್ರಮ ನೋಡಿಕೊಳ್ಳಲು ಬಂದ ನಮ್ಮ ಕುಟುಂಬದ ಹಿರಿಯರು ಆ ಗುರುತುಗಳನ್ನು ನೋಡಿ ವಿಷಯ ಕೇಳಿದರು. ಕೇಳಿ, ಅವಳಿಗೆ ಮದುವೆ ಆಗಿದೆಯಾ ಎಂದರು.

ನಮಗೆಲ್ಲ ಗೊತ್ತಿದ್ದ ಮಾತು, ಗಡಿಬಿಡಿಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಮದುವೆಯಾಗದವರು ಕುಲೆ ಮದುವೆ ನೋಡಬಾರದು. ನೋಡಿದರೆ ಅವರ ಮದುವೆಗೆ ತಡೆ ಎಂದು ಹೇಳುತ್ತಾರೆ. ಮಕ್ಕಳು ಕೂಡ ಇರಬಾರದು. ನಿಮ್ಮನ್ನು ಓಡಿಸಿದ್ದು ಅದಕ್ಕೇ. ನಿಮ್ಮ ಅಕ್ಕ ವಾದಿಸಿದಳು, ನನಗೆ ತಡೆಯಾದರೆ ಆಗಲಿ ಎಂದಳು. ಅವಳ ಅಮ್ಮ ಮಸ್ಕತ್‌ನಿಂದ ಫೋನಿನಲ್ಲಿ ಅತ್ತು ಬೇಡ ಎಂದಳು. ಅವಳ ಗೆಳೆಯರೂ ಎಲ್ಲ ಮದುವೆಯಾಗದವರೇ. ಮದುವೆಯಾದವರಿಗೆಲ್ಲ ಆ ದಿನ ಒಂದೊಂದು ಕೆಲಸ ಇತ್ತು. ಕೆಲಸ ಇಲ್ಲದವಳು ನಾನೊಬ್ಬಳೇ. ಗಂಡನಿಲ್ಲದವಳು ಧಾರೆಯ ಹತ್ತಿರ ನಿಲ್ಲುವ ಕ್ರಮ ಇಲ್ಲ, ಮಗಳ ತಾಯಿಯಾದರೂ ಮೂಲೆಯಲ್ಲೇ ನಿಲ್ಲಬೇಕು.

ನಿಮ್ಮ ಅಕ್ಕ ಕ್ಯಾಮರಾ ತಂದು ನನ್ನ ಮಡಿಲಲ್ಲಿಟ್ಟಳು.

ಮಿಕ್ಸಿಯ ಗುಂಡಿಗೇ ಹೆದರುವವಳು ನಾನು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇರುತ್ತದೆ, ಕೆಂಪು ಗುಂಡಿ ಒತ್ತಿದರೆ ಸಾಕು, ಎಲ್ಲಿ ಏನು ನಡೆಯುತ್ತದೋ ಆ ಕಡೆಗೆ ಈ ಹಿಡಿಯನ್ನು ತಿರುಗಿಸಿ ಎಂದು ಕಲಿಸಿದಳು. ಮೊದಲು ಜನ, ಆಮೇಲೆ ಗಂಡಿನ ಕುರ್ಚಿ, ಆಮೇಲೆ ಹೆಣ್ಣಿನದು, ಧಾರೆಯ ಹೊತ್ತಿಗೆ ಅದನ್ನು ಎರೆಯುವ ಮಾಮನ, ಅಂದರೆ ನಿಮ್ಮ ಅಪ್ಪನ ಮುಖ. ನಾನು ಬಾಯಿಪಾಠ ಮಾಡಿಕೊಂಡೆ.

ಮದುವೆಯ ದಿನ ಅವಳು ಕೆಳಗೆ ಸ್ಕೂಟರ್ ನಿಲ್ಲಿಸುವಲ್ಲಿ ಕಾವಲಿನವನ ಕುರ್ಚಿಯಲ್ಲಿ ಕೂತಳು. ಮೇಲೆ ನಾನು ಗುಂಡಿ ಒತ್ತಿದೆ. ನಿಮ್ಮ ಅಮ್ಮ ಕುರ್ಚಿಗೆ ಧಾರೆ ಸೀರೆ ಉಡಿಸಿದಳು. ನೆರಿಗೆ ಹಿಡಿದು, ಸೆರಗು ಹೊದಿಸಿ, ಮೇಲೆ ಮಲ್ಲಿಗೆಯ ಚೆಂಡು ಇಟ್ಟು, ಬಳೆ ಇಟ್ಟಳು. ಅಷ್ಟೇ. ಬಟ್ಟೆ, ಹೂವು, ಮರದ ಕುರ್ಚಿ. ಆದರೆ ನೆರಿಗೆ ಬಿದ್ದ ರೀತಿಯಲ್ಲಿ ಅಲ್ಲಿ ಒಬ್ಬಳು ಕೂತಿದ್ದಳು. ಮೊಣಕಾಲು ಎಲ್ಲಿರಬೇಕೋ ಅಲ್ಲಿ ಇತ್ತು. ನನ್ನ ಮಗಳು ಇಷ್ಟು ದೊಡ್ಡವಳಾದಳಾ ಎಂದು ನೋಡುತ್ತಲೇ ನಿಂತೆ. ಆಮೇಲೆ ಏನು ನಡೆಯಿತು ಎಂದು ನನ್ನನ್ನು ಕೇಳಿದರೆ ಹೇಳಲಾರೆ.

ಊಟ ಮುಗಿದು ಎಲ್ಲರೂ ಹೋದ ಮೇಲೆ ನಿಮ್ಮ ಅಕ್ಕ ಓಡಿ ಬಂದು ಕ್ಯಾಮರಾ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತು ಬಿಟ್ಟು ಅವಳ ಕೋಣೆಗೆ ಹೋಗಿ ನೋಡಿದರೆ ಕೈ ಬಾಯಿಗೆ ಅಡ್ಡ ಹಿಡಿದು ಕೂತಿದ್ದಾಳೆ. ಪರದೆಯ ಮೇಲೆ ಹೆಣ್ಣಿನ ಕುರ್ಚಿ. ಮುಂದೆ ಓಡಿಸಿದಳು, ಹೆಣ್ಣಿನ ಕುರ್ಚಿ. ಇನ್ನೂ ಮುಂದೆ ಓಡಿಸಿದಳು, ಅದೇ. ನಾನು ಹಿಡಿಯನ್ನು ಒಮ್ಮೆಯೂ ತಿರುಗಿಸಿರಲಿಲ್ಲ.

"ಎಂತ ಅಜ್ಜಿ ಇದು? ಜನ ಇಲ್ಲ, ಗಂಡು ಇಲ್ಲ, ಮಾಮ ಇಲ್ಲ."

"ಅವಳನ್ನು ಬಿಟ್ಟು ಹೇಗೆ ತಿರುಗಿಸುವುದು?" ಎಂದೆ.

ಅವಳು ಕಣ್ಣೀರು ಹಾಕಿದಳು. ಸಿನಿಮಾ ಹೋಯಿತು, ಅವಳ ಕಾಲೇಜು ಹೋಯಿತು, ಹೋಗಿದ್ದು ನನ್ನ ಕೈಯಿಂದ ಎಂದು ಎಣಿಸಿದೆ. ಬೆಳಗ್ಗೆ ಅವಳೇ ನನ್ನನ್ನು ಕರೆದು ಒಂದು ಜಾಗ ತೋರಿಸಿದಳು. ಸೀರೆಯ ಪಕ್ಕದಲ್ಲಿ ಒಂದು ಕೈ ಬರುತ್ತದೆ, ಗಿಂಡಿ ಹಿಡಿದ ಕೈ. ನಿಮ್ಮ ಅಪ್ಪನದು. ಮುಖ ಕಾಣುವುದಿಲ್ಲ. ನೀರು ಎರೆಯಬೇಕಾದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಎರೆಯಪ್ಪ, ತಡೀಬೇಡ ಎಂದು ಹಿರಿಯರ ಸ್ವರ ಕೇಳುತ್ತದೆ. ನೀರು ಚೆಲ್ಲಿ ನೆರಿಗೆ ಒದ್ದೆಯಾಗುತ್ತದೆ. ಕಣ್ಣಿಂದ ನೋಡದ ಅಕ್ಕನಿಗೆ ಅವನು ಧಾರೆ ಎರೆದದ್ದು. ಅಲ್ಲೇ ಇದ್ದು ನಾನು ಅದನ್ನು ನೋಡಿರಲಿಲ್ಲ. "ಇದು ನನ್ನಿಂದ ಆಗ್ತಿರಲಿಲ್ಲ" ಎಂದಳು ನಿಮ್ಮ ಅಕ್ಕ. ಕೂತು ಅದನ್ನೇ ಕತ್ತರಿಸಿ ಜೋಡಿಸಿದಳು.

ತೊಕ್ಕೊಟ್ಟಿನವರು ಬಂದು ನಮ್ಮ ಟಿವಿಯಲ್ಲಿ ನೋಡಿದರು. ಹುಡುಗನ ತಾಯಿ ಕುರ್ಚಿಯ ತುದಿಯಲ್ಲಿ ಕೂತು ಕಾದರು. ಮುಗಿಯಿತು. ಇನ್ನೂ ಉಂಟು ಎಂದುಕೊಂಡು ಕಾದರು. ಆಮೇಲೆ ನಮ್ಮೆಲ್ಲರ ಮುಖ ನೋಡಿದರು.

"ನನ್ನ ಮಗ ಎಲ್ಲಿ?"

ಆಕೆ ಟಿವಿಯ ಕಡೆ ಕೈ ತೋರಿಸಿದರು. "ಹೆಣ್ಣಿನ ಕಡೆಯವರು ಹೆಣ್ಣನ್ನೇ ತೆಗೆದುಕೊಂಡಿರಿ. ಅವನು ಪಕ್ಕದಲ್ಲೇ ಕೂತಿದ್ದನಲ್ಲ. ಆಗಲೂ ಯಾರೂ ನೋಡಲಿಲ್ಲ ಅವನನ್ನು, ನೀರಿಗೆ ಇಳಿಯುವಾಗ" ಎಂದರು. ಕೂಗಿ ಹೇಳಿದ್ದಲ್ಲ. ಇದನ್ನು ಎಲ್ಲಿಗೂ ಕಳಿಸುವುದು ಬೇಡ ಎಂದು ಹೇಳಿ, ಕೊಟ್ಟ ಚಹಾ ಕುಡಿಯದೆ ಎದ್ದರು.

ಕಳಿಸಲು ಕೊನೆಯ ದಿನ ಹತ್ತಿರ ಬಂದಿತ್ತು. ಅವರಿಗೆ ಹೇಗೆ ಗೊತ್ತಾಗುತ್ತದೆ, ಕಳಿಸಿಬಿಡು ಎಂದು ಗೆಳೆಯರು ಅವಳಿಗೆ ಹೇಳಿದರು. ಅವಳು ಕಳಿಸಲಿಲ್ಲ. ಹೋಟೆಲಿಗೆ ಹೋಗಲು ಎರಡು ಚೂಡಿದಾರ್ ಇಸ್ತ್ರಿ ಮಾಡಿಟ್ಟಳು. ನಿಮ್ಮ ಅಪ್ಪ ಅದನ್ನು ನೋಡಿ ಹೊರಗೆ ಹೋದ.

ನಾನು ಫೋನಿನ ಹತ್ತಿರ ಹೋಗಿ ಹೋಗಿ ತಿರುಗಿ ಬಂದೆ. ನಾನಾಗಿ ಯಾರಿಗೂ ಫೋನ್ ಮಾಡಿದವಳಲ್ಲ. ಕೊನೆಗೆ ಮಾಡಿದೆ. ಆಕೆಯೇ ಎತ್ತಿದರು. ಕಲಿತಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ನಿಮ್ಮ ಮಗನನ್ನು ನಾನೂ ನೋಡಲಿಲ್ಲ. ಮನೆಗೆ ಬಂದರೆ ತೋರಿಸುತ್ತೀರಾ?" ಎಂದೆ. ಹೆಣ್ಣಿನ ತವರಿನವರು ಬರಲೇಬೇಕಲ್ಲ, ಬರಲಿಲ್ಲ ಎಂದು ನಾನೇ ಎಣಿಸಿದ್ದೆ ಎಂದರು. ಹುಡುಗಿಯನ್ನೂ ಕರೆದುಕೊಂಡು ಬನ್ನಿ, ಈಗ ನೋಡಲು ಅಡ್ಡಿ ಇಲ್ಲ ಎಂದರು.

ತೊಕ್ಕೊಟ್ಟಿನ ಪೇಟೆಯ ಹಿಂದೆ ಅವರ ಮನೆ. ಆಕೆ ಕಪಾಟು ತೆರೆದರು. ಒಂದು ಹಲಗೆಯ ಮೇಲೆ ಅವನ ಪಂಚೆ, ಅಂಗಿ, ಅದರ ಪಕ್ಕದಲ್ಲೇ ಮಡಚಿಟ್ಟ ನನ್ನ ಮಗಳ ಧಾರೆ ಸೀರೆ. ನಮ್ಮ ಮನೆಯಲ್ಲಿ ಹೆಸರಿಗೂ ಜಾಗ ಇಲ್ಲದವಳಿಗೆ ಅಲ್ಲಿ ಕಪಾಟಿನಲ್ಲಿ ಜಾಗ ಇತ್ತು.

ಆಕೆ ಅಂಗಿಯನ್ನು ಮಂಚದ ಮೇಲೆ ಹರಡಿದರು. ನಿಮ್ಮ ಅಕ್ಕ ನೆಲದಲ್ಲಿ ಕೂತು ಕ್ಯಾಮರಾ ಹಿಡಿದಿದ್ದಳು. ಏನೂ ಕೇಳಲಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎನ್ನಲಿಲ್ಲ. ಆಕೆ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಾ ಮಾತಾಡಿದರು. ಎಡಗೈಯಲ್ಲಿ ಉಣ್ಣುತ್ತಿದ್ದನಂತೆ, ಎಷ್ಟು ಹೊಡೆದರೂ ಬಿಡುತ್ತಿರಲಿಲ್ಲವಂತೆ. "ಅಂಗಡಿಯಲ್ಲಿ ಅಳತೆ ಕೇಳಿದ್ರು. ನಾನು ಎಂತ ಹೇಳುವುದು? ಕಿರಿಯವನ ಅಳತೆ ಕೊಟ್ಟೆ. ಆದರೆ ಇವನು ಅವನಷ್ಟು ದಪ್ಪ ಆಗಿರಲಿಕ್ಕಿಲ್ಲ."

ನಾನೂ ರವಿಕೆಗೆ ಚಿಕ್ಕ ಮಗಳ ಅಳತೆಯನ್ನೇ ಕೊಟ್ಟದ್ದು ಎಂದೆ. ನಿಮ್ಮ ಅತ್ತೆ ಮಸ್ಕತ್‌ಗೆ ಹೋದ ಮೇಲೆ ದಪ್ಪವಾದದ್ದನ್ನೂ ಹೇಳಿದೆ. ಆಕೆಗೆ ನಗು ಬಂತು. ನನಗೂ ಬಂತು. ಇಬ್ಬರು ಮುದುಕಿಯರು ಸತ್ತ ಮಕ್ಕಳ ಬಟ್ಟೆಯ ಎದುರು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಿಮ್ಮ ಅಕ್ಕ ಮಾತ್ರ ನಗಲಿಲ್ಲ. ಅವಳು ಕ್ಯಾಮರಾ ಅಲುಗದಂತೆ ಹಿಡಿದು ಕೂತಿದ್ದಳು.

ಕೆಲವು ದಿನ ಬಿಟ್ಟು ಮತ್ತೆ ಅದೇ ಮಂಚದಲ್ಲಿ ಕೂತು, ಅವಳ ಕಂಪ್ಯೂಟರಿನಲ್ಲಿ ಸಿನಿಮಾ ನೋಡಿದೆವು. ಮೊದಲು ನನ್ನ ಮಗಳ ಕುರ್ಚಿ, ಗಿಂಡಿ ಹಿಡಿದ ಕೈ. ಆಮೇಲೆ ಈ ಅಂಗಿ, ಈ ಗುಂಡಿಗಳು, ನಮ್ಮಿಬ್ಬರ ನಗು. ಹುಡುಗನ ತಂದೆ ಎದ್ದು ಅಂಗಳಕ್ಕೆ ಹೋದರು. ಇನ್ನು ಏನು ಹೇಳುತ್ತಾರೋ ಎಂದು ನಾನು ಆಕೆಯ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಕಳಿಸಲು ಆ ಸಂಜೆಯೇ ಕೊನೆ.

"ಕಳಿಸು ಮಗಾ" ಎಂದರು. "ಮದುವೆ ಎಂದ ಮೇಲೆ ನಾಲ್ಕು ಜನ ನೋಡಬೇಕಲ್ಲ."

ಅವಳು ಅಲ್ಲೇ ಗುಂಡಿ ಒತ್ತಿದಳು. ಹೋಯಿತಾ ಎಂದು ಕೇಳಿದೆ. ಹೋಯಿತು ಅಜ್ಜಿ ಎಂದಳು.

ಆ ಕಾಲೇಜಿನವರು ಅವಳನ್ನು ಕರೆದದ್ದು, ನಿಮ್ಮ ಅಪ್ಪ ತಾನೇ ಪೆಟ್ಟಿಗೆ ಹೊತ್ತು ರೈಲು ಹತ್ತಿಸಿದ್ದು ನಿಮಗೆ ಗೊತ್ತಿದೆ. ಸಂದರ್ಶನದಲ್ಲಿ, ಮೊದಲ ಭಾಗದ ಕ್ಯಾಮರಾ ಯಾರದು ಎಂದು ಕೇಳಿದರಂತೆ. ನನ್ನ ಅಜ್ಜಿಯದು, ನನ್ನನ್ನು ಒಳಗೆ ಬಿಡಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಅವರು ನಕ್ಕರೋ ಇಲ್ಲವೋ ಹೇಳಲಿಲ್ಲ.

ಆದರೆ ನನಗೆ ನೆನಪಿಗೆ ಬರುವುದು ತೊಕ್ಕೊಟ್ಟಿನಿಂದ ತಿರುಗಿ ಬಂದ ಆ ಸಂಜೆ. ಬಸ್ಸು ನೇತ್ರಾವತಿಯ ಸೇತುವೆ ಹತ್ತಿತ್ತು. ನಿಮ್ಮ ಅಕ್ಕ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಐವತ್ತು ವರ್ಷ ನಾವು ಬಾಯಲ್ಲಿ ಹೆಸರೆತ್ತದ ಹುಡುಗಿಯನ್ನು ಆಗ ಎಲ್ಲಿಯೋ, ನಮ್ಮ ಭಾಷೆ ಬಾರದ ಯಾರೋ ಕೂತು ನೋಡುತ್ತಿರಬಹುದು ಎಂದು ಎಣಿಸಿದೆ. ಟಿಕೆಟ್ ತೋರಿಸಿ ಎಂದು ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ತೆಗೆದು ತೋರಿಸಿದೆ. ಆಗ ಆದದ್ದು ಹೆದರಿಕೆಯೋ ಸಂತೋಷವೋ ನನಗೆ ಇನ್ನೂ ತಿಳಿದಿಲ್ಲ.